ಅಬ್ಲಾವಿಯ ಮೇಲೆ ಕಟ್ಟದ ಹಾಡು

ಅಪ್ಪ ಹೋಗಿ ವರ್ಷ ತುಂಬಿದ ಮೇಲೂ ಎಸಿನಾಮಳಿಗೆ ಒಂದು ಕೊರಗು ಹಾಗೆಯೇ ಉಳಿದಿತ್ತು. ಅವನ ದನಿ ಅವಳ ಬಳಿ ಎಲ್ಲೂ ಇರಲಿಲ್ಲ. ಅಕ್ರಾದ ರೇಡಿಯೋ ಕೇಂದ್ರವೊಂದರಲ್ಲಿ ಅವಳ ಕೆಲಸವೇ ದನಿ ಹಿಡಿಯುವುದು. ಪಾದ್ರಿಗಳ ದನಿ, ಮೀನುಗಾರರ ಸಂಘದವರ ದನಿ, ಈರುಳ್ಳಿ ಧಾರಣೆ ಹೇಳುವ ದಲ್ಲಾಳಿಗಳ ದನಿ, ಎಲ್ಲವೂ ಅವಳ ಕಂಪ್ಯೂಟರಿನಲ್ಲಿ ಸಾಲಾಗಿ ಕೂತಿದ್ದವು. ಹೆತ್ತ ಅಪ್ಪನದು ಒಂದು ಕೆಮ್ಮೂ ಇರಲಿಲ್ಲ. ಅವಳು ಊರಿಗೆ ಫೋನ್ ಮಾಡಿದಾಗಲೆಲ್ಲ ಅಪ್ಪ ದೋತ್ಸೆ "ಹುಂ" ಎಂದು ಸಣ್ಣಗೆ ಒಂದು ರಾಗ ಎಳೆದು, "ಇಗೋ, ನಿಮ್ಮ ತಾಸಿ" ಎಂದು ಫೋನನ್ನು ಅಕ್ಕನ ಕೈಗೆ ದಾಟಿಸಿಬಿಡುತ್ತಿದ್ದ. ಮಾತಿನಲ್ಲಿ ಜಿಪುಣ ಎಂದು ಅವಳು ಅಂದುಕೊಂಡಿದ್ದಳು. ಒಂದೆರಡು ಸಲ ಸಿಟ್ಟೂ ಬಂದಿತ್ತು.

ಹಾಗಾಗಿ ಆ ವರ್ಷ ಉತ್ತರದ ಒಣಗಾಳಿ ಬೀಸತೊಡಗಿ ತುಟಿ ಒಡೆಯುವ ಹೊತ್ತಿಗೆ ಎಸಿನಾಮ್ ರಜೆ ಹಾಕಿ, ಅಂಗೈಯಗಲದ ರೆಕಾರ್ಡರ್ ಚೀಲದಲ್ಲಿಟ್ಟುಕೊಂಡು ಕಡಲ ದಡದ ತನ್ನೂರು ಕೇಟಾದ ಬಸ್ಸು ಹತ್ತಿದಳು. ಇನ್ನು ಯಾರ ದನಿಯೂ ಹೀಗೆ ಕೈಜಾರಿ ಹೋಗಬಾರದು. ಮನೆಯವರಿಂದ ಹಿಡಿದು ಓಣಿಯ ಹಿರಿಯರವರೆಗೆ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಅವರವರ ಬಾಳಿನ ಕತೆ ಕೇಳಿ ಹಿಡಿದಿಡಬೇಕು. ಅವಳ ಲೆಕ್ಕಾಚಾರ ಇಷ್ಟೇ.

ಮೊದಲ ಸರದಿ ತಾಸಿಯದು ಎಂದುಕೊಂಡೇ ಬಂದಿದ್ದಳು. ತಾಸಿ ಎಂದರೆ ಸೋದರತ್ತೆ, ಈ ಅಬ್ಲಾವಿ ಅಪ್ಪನ ಅಕ್ಕ. ಎಸಿನಾಮಳ ತಾಯಿ ಬೇಗ ತೀರಿಕೊಂಡಿದ್ದರಿಂದ ಅವಳನ್ನು ಎತ್ತಿ ಆಡಿಸಿ ದೊಡ್ಡವಳನ್ನು ಮಾಡಿದ್ದೂ ಈ ಅತ್ತೆಯೇ. ಎಂಬತ್ತರ ಹತ್ತಿರ ಬಂದಿದ್ದರೂ ಹಿತ್ತಿಲ ಮಣ್ಣಿನ ಒಲೆಯಲ್ಲಿ ಮೀನು ಹೊಗೆಹಾಕುವುದನ್ನು ಬಿಟ್ಟಿರಲಿಲ್ಲ.

"ನನ್ನ ಕತೆಯಾ?" ತಾಸಿ ಜಾಲರಿಯ ಮೇಲಿನ ಮೀನುಗಳನ್ನು ಮಗುಚುತ್ತಾ ಕೇಳಿದಳು. "ಬರ್ಕೋ. ಮೀನು, ಹೊಗೆ, ಹೊಗೆ, ಮೀನು. ಮುಗೀತು. ಆರಿಸು ಅದನ್ನ."

"ತಾಸಿ, ಚಿಕ್ಕವಳಿದ್ದಾಗಿನದು ಹೇಳು. ಹಳೇ ಊರಲ್ಲಿ..."

"ಹಳೇ ಊರು ಸಮುದ್ರದೊಳಗಿದೆ. ಹೋಗಿ ಅದನ್ನೇ ಕೇಳು. ನನಗೆ ಕೆಲಸ ಇದೆ." ಆಮೇಲೆ ಸೌದೆಯ ತುಂಡಿನಿಂದ ಬೇಲಿಯ ಕಡೆ ತೋರಿಸಿ, "ಯಾರ ಮನೆಗಾದ್ರೂ ಹೋಗು. ಆ ಮನೆಗೊಂದು ಹೋಗಬೇಡ" ಅಂದಳು.

ಆ ಮನೆ ತೆಂಗಿನಗರಿ ಬೇಲಿಯ ಆಚೆಗಿನದು, ಓಣಿಯೆಲ್ಲ ತೊಗ್ಬೆ, ಅಂದರೆ ಅಜ್ಜ, ಎಂದು ಕರೆಯುವ ಆಗ್ಬೆಕೊನದು. ಹಳೆಯ ಊರಿನಲ್ಲಿ ಮೇಲ್ಗೇರಿ, ಕೆಳಗೇರಿ ಎಂದು ಎರಡು ಕೇರಿಗಳಿದ್ದವು. ಹಾವು ಮುಂಗುಸಿಯ ಸಂಬಂಧ. ಸಮುದ್ರ ಬೀದಿಬೀದಿಯಾಗಿ ಊರನ್ನು ತಿನ್ನುತ್ತಾ ಬಂದು ಎರಡೂ ಕೇರಿಗಳನ್ನು ನುಂಗಿತು. ಸರ್ಕಾರ ಹಿನ್ನೀರಿನ ದಡದಲ್ಲಿ ಮರಳು ತುಂಬಿಸಿ ನಿವೇಶನ ಹಂಚುವಾಗ ಚೀಟಿ ಎತ್ತಿತು. ಆ ಚೀಟಿಯ ಪುಣ್ಯದಿಂದ ಮೇಲ್ಗೇರಿಯ ಅಬ್ಲಾವಿಗೂ ಕೆಳಗೇರಿಯ ಆಗ್ಬೆಕೊನಿಗೂ ಒಂದೇ ಬೇಲಿ ಬಂತು. ಅಂದಿನಿಂದ ಇಂದಿನವರೆಗೆ ಇಬ್ಬರೂ ಒಂದು ಮಾತೂ ಆಡಿದ್ದಿಲ್ಲ. ಅವನ ಕೋಳಿ ಇತ್ತ ನುಸುಳಿದರೆ ತಾಸಿ ಕೋಳಿಯ ಜೊತೆ ಮಾತಾಡುತ್ತಿದ್ದಳು: "ನಿಮ್ಮ ಯಜಮಾನರಿಗೆ ಹೇಳಮ್ಮಾ, ಬೇಲಿ ಕಟ್ಟೋಕೆ ಬರದಿದ್ರೆ ಕೋಳಿ ಸಾಕಬಾರದು ಅಂತ." ಅತ್ತಲಿಂದ ಅವನು ಕೋಳಿಗೇ ಉತ್ತರ ಕೊಡುತ್ತಿದ್ದ: "ಬಾರಮ್ಮಾ ಬಾ. ಅಲ್ಲಿ ಹೊಗೆ, ಕಣ್ಣು ಕೆಟ್ಟೀತು."

ಎಸಿನಾಮ್ ಓಣಿಯ ಆ ತುದಿಯಿಂದ ಶುರು ಮಾಡಿದಳು. ರೊಟ್ಟಿ ಸುಡುವ ಎನ್ಯೊ, ಹಳೆಯ ಬೀದಿಗೆ ಕಡಲು ನುಗ್ಗಿದ ಬೆಳಿಗ್ಗೆಯ ಕತೆ ಹೇಳಿದಳು. ಒಲೆ ಕುಸಿದು ನೀರಿಗೆ ಹೋಯಿತು. ನಾದಿಟ್ಟ ಹಿಟ್ಟಿನ ತಗಡಿನ ತೊಟ್ಟಿ ಮಾತ್ರ ದೋಣಿಯ ಹಾಗೆ ತೇಲತೊಡಗಿತು. ಅವಳು ಸೊಂಟದ ನೀರಿನಲ್ಲಿ ಅದನ್ನು ತಳ್ಳಿಕೊಂಡು ನಡೆದಳಂತೆ. "ದಾರೀಲೇ ಹಿಟ್ಟು ಉಬ್ಬಿಬಿಡ್ತು ಕಣೇ. ದಡ ಮುಟ್ಟೋ ಹೊತ್ತಿಗೆ ಸುಡೋಕೆ ಸರಿಯಾಗಿತ್ತು. ಮನೆ ಕಳಕೊಂಡವರೆಲ್ಲ ಅವತ್ತು ಬಿಸಿ ರೊಟ್ಟಿ ತಿಂದ್ರು." ಲಾರಿ ಓಡಿಸುತ್ತಿದ್ದ ಕೊಮ್ಲಾ, ತಾನು ಒಬ್ಬಳನ್ನೇ ಮೂರು ಸಲ ಮದುವೆಯಾದ ಪರಿಯನ್ನು ಹೇಳಿದ. ಒಳಗೆ ಪಾತ್ರೆ ತೊಳೆಯುತ್ತಿದ್ದ ಆ ಹೆಂಡತಿ ಪ್ರತಿ ಮದುವೆಗೂ ಒಂದೊಂದು ತಿದ್ದುಪಡಿ ಕೂಗಿದಳು.

ಎಲ್ಲರ ಕತೆಯೂ ಎಲ್ಲೋ ಒಂದು ಕಡೆ ಹಾಡಿನ ಕಾಲದ ಹತ್ತಿರ ಬಂದು ನಿಲ್ಲುತ್ತಿತ್ತು. ಆಗ ಕೇರಿಗೂ ಕೇರಿಗೂ ಜಗಳವಾದರೆ ಬಡಿಗೆ ಎತ್ತುತ್ತಿರಲಿಲ್ಲ, ಹಾಡು ಎತ್ತುತ್ತಿದ್ದರು. ಒಂದು ಕೇರಿ ಡೋಲು ಬಡಿದುಕೊಂಡು ಬಂದು ಎದುರು ಕೇರಿಯ ದೊಡ್ಡವರನ್ನೆಲ್ಲ ಹೆಸರು ಹಿಡಿದು ಹಾಡಿನಲ್ಲಿ ಬೈಯುವುದು. ಬೈಸಿಕೊಂಡವರು ಸುಮ್ಮನೆ ಕೂತು ಕೇಳುವುದು. ಮುಂದಿನ ಸರದಿಯಲ್ಲಿ ಅವರು ತಿರುಗಿಸಿ ಕೊಡುವುದು. ಹಾಲೊ ಎಂದು ಅದರ ಹೆಸರು. ಕೊನೆಕೊನೆಗೆ ತಲೆ ಒಡೆಯುವವರೆಗೂ ಹೋಗಿದ್ದರಿಂದ, ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸದರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. "ಕೆಳಗೇರಿಗೆ ಹಾಡು ಕಟ್ಟುತ್ತಿದ್ದವನು ಆಗ್ಬೆಕೊ. ಅವನನ್ನ ಕೇಳದೆ ನಿನ್ನ ಕೆಲಸ ಉಪ್ಪಿಲ್ಲದ ಸಾರು" ಎಂದ ಕೊಮ್ಲಾ.

ತಾಸಿ ಸಂತೆಗೆ ಹೋದ ದಿನ ನೋಡಿಕೊಂಡು ಎಸಿನಾಮ್ ಬೇಲಿಯ ಆಚೆ ಕಾಲಿಟ್ಟಳು.

ತೊಗ್ಬೆ ಆಗ್ಬೆಕೊ ಬೇವಿನ ನೆರಳಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದ. ಮಾತು ನಿಧಾನ. ಒಂದೊಂದು ಪದವನ್ನೂ ನೆಲ ತಟ್ಟಿ ನೋಡಿ ಇಡುವವನ ಹಾಗೆ ಮಾತಾಡುತ್ತಿದ್ದ. ಹಾಡಿಗೆ ಬಂದಾಗ ಮಾತ್ರ ದನಿ ಬಿಚ್ಚಿಕೊಂಡಿತು.

"ನಿನ್ನ ಮುತ್ತಾತನ ಮೇಲಿನದು ಕೇಳ್ತೀಯಾ? ಅಬ್ಲಾವಿಯ ತಾತ. ದೊಡ್ಡ ಮನುಷ್ಯ. ಬೇಜಾರು ಮಾಡ್ಕೋಬಾರದು ಮತ್ತೆ."

"ಹೇಳಿ ತೊಗ್ಬೆ. ಬೈಸ್ಕೊಳ್ಳೋಕೇ ಬಂದಿದೀನಿ."

ಅವನು ತೊಡೆಯ ಮೇಲೆ ತಾಳ ಹಾಕಿದ.

"ಮೂಗು ಬಂತು ಮುಂಜಾನೆ, ಜನರೇ ದಾರಿ ಬಿಡಿ,
ಮೂಗಿನ ಯಜಮಾನ ಬರ್ತಾನೆ, ಮಧ್ಯಾಹ್ನದ ತನಕ ತಡಿ."

ಎಸಿನಾಮ್ ನಕ್ಕ ರಭಸಕ್ಕೆ ರೆಕಾರ್ಡರ್ ಅಲುಗಾಡಿತು. ಆ ಮೂಗು ಅವಳ ಮುಖದ ಮೇಲೂ ಸ್ವಲ್ಪ ಉಳಿದಿತ್ತು. ಮುದುಕನಿಗೆ ಹುರುಪು ಬಂತು. ಮೇಲ್ಗೇರಿಯ ಮುಖ್ಯಸ್ಥ, ಅವನ ಇಬ್ಬರು ಹೆಂಡಿರು, ಡೋಲಿನವನು, ಚರ್ಚಿನ ಗಂಟೆ ಹೊಡೆಯುವವನು, ಒಬ್ಬರನ್ನೂ ಬಿಡದೆ ಹಾಡಿದ. ಕೊನೆಗೊಂದು ಮೇಕೆಯೂ ಬಂತು:

"ಮೇಲ್ಗೇರಿ ಮೇಕೆ ಕುಂಟ್ತಾದೆ ಯಾಕೆ?
ಯಜಮಾನ್ರ ನಡಿಗೆ ಕಲಿತಾದೆ, ಜೋಕೆ."

"ನಮ್ಮ ತಾಸಿ ಮೇಲಿನದು?" ಎಸಿನಾಮ್ ಕೇಳಿದಳು. "ಅವಳ ಬಾಯಿ ಆಗಲೂ ಹೀಗೇ ಇದ್ದಿರಬೇಕಲ್ಲ. ಏನಂತ ಬೈದ್ರಿ?"

ಮುದುಕನ ಕೈಯ ತಾಳ ನಿಂತಿತು. ಬಲೆಯನ್ನು ಮತ್ತೆ ಎತ್ತಿಕೊಂಡ.

"ಆ ಹಾಡಿಲ್ಲ."

"ಮರೆತುಹೋಯ್ತಾ?"

"ಕಟ್ಟಿದ್ರೆ ತಾನೇ ಮರೆಯೋದು" ಎಂದ. ಮತ್ತೆ ಏನು ಕೇಳಿದರೂ ಗಂಟು ಹಾಕುವುದರಲ್ಲಿ ಮುಳುಗಿದವನಂತೆ ನಟಿಸಿದ.

ಓಣಿಯಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ತಾಸಿ ಸಂತೆಯಿಂದ ಬಂದು ಬುಟ್ಟಿ ಇಳಿಸುವ ಮೊದಲೇ ಗೊತ್ತಾಗಿತ್ತು. ಬೈಯುತ್ತಾಳೆಂದು ಎಸಿನಾಮ್ ಕಾದಳು. ತಾಸಿ ಬೈಯಲಿಲ್ಲ. ಮುದ್ದೆ ತಿರುವಿದಳು, ಬೆಂಡೆಕಾಯಿ ಸಾರು ಬಡಿಸಿದಳು, ತಾನೂ ಎರಡು ತುತ್ತು ತಿಂದಳು. ಆಮೇಲೆ ಗೋಡೆಯ ಕಡೆ ನೋಡುತ್ತಾ ಅಂದಳು:

"ಆ ಪೆಟ್ಟಿಗೇಲಿ ಏನೋ ಹಾಡು ಇದೆಯಂತೆ."

"ಇದೆ. ಕೇಳ್ತೀಯಾ?"

"ನನಗ್ಯಾಕೆ? ಹಾಕೋದಾದ್ರೆ ಹಾಕು. ಕಿವಿ ಮುಚ್ಚಿಕೊಂಡು ಊಟ ಮಾಡೋಕಾಗಲ್ವಲ್ಲ."

ಮೂಗಿನ ಹಾಡು ಬಂದಾಗ ತಾಸಿಯ ತುಟಿ ಬಿಗಿಯಿತು. ಬಿಗಿದ ತುಟಿಯ ಮೂಲೆಯಿಂದ ನಗು ನುಸುಳಿತು. ಮೇಕೆಯ ಹಾಡು ಬರುವ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತಿದ್ದಳು. ತಟ್ಟನೆ ಕೈಯೆತ್ತಿ ನಿಲ್ಲಿಸಿದಳು.

"ತಪ್ಪು. ಗಂಟೆ ಹೊಡೆಯೋನ ಹಾಡಿಗೆ ಇನ್ನೊಂದು ಸಾಲಿತ್ತು. ನುಂಗಿಬಿಟ್ಟಿದಾನೆ. ಮುದಿಯಾದ." ತಾನೇ ಆ ಸಾಲು ಹೇಳಿದಳು. ಅದು ಇಲ್ಲಿ ಬರೆಯುವಂಥದ್ದಲ್ಲ.

"ತಾಸಿ, ನಿನಗೆ ಎಲ್ಲಾ ಬಾಯಿಪಾಠ ಇದೆಯಲ್ಲ."

"ಇರದೇ ಏನು? ಎದುರಿಗೇ ಕೂತಿದ್ದೆ. ಹೊಸ ಬಟ್ಟೆ ಸುತ್ತಿಕೊಂಡು, ಮೊದಲನೇ ಸಾಲಲ್ಲಿ." ತಾಸಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು. ಅದನ್ನು ನೋಡಿದಳು, ಆರಿಸು ಎನ್ನಲಿಲ್ಲ.

"ಮೇಲ್ಗೇರೀಲಿ ಉತ್ತರ ಕಟ್ಟೋಳು ನಾನು. ಹೆಣ್ಣುಮಗಳು, ಅದೂ ಆ ವಯಸ್ಸಲ್ಲಿ. ಮುಂದೆ ನಿಂತು ಹಾಡೋಕೆ ಹಿರಿಯರು ಬಿಡ್ತಿರಲಿಲ್ಲ. ಯಾರಿಗಾದ್ರೂ ಕಟ್ಟಿಕೊಟ್ಟು ಹಿಂದೆ ನಿಂತು ದನಿಗೂಡಿಸಬೇಕು. ಒಂದೇ ಒಂದು ದಾರಿ ಇತ್ತು. ನನ್ನ ಹೆಸರು ಹಿಡಿದು ಬೈದ್ರೆ ನಾನೇ ಎದ್ದು ನಿಂತು ಉತ್ತರ ಕೊಡಬಹುದು. ಅದು ನ್ಯಾಯ. ಆಗ ತಡೆಯೋಕೆ ಯಾರಿಗೂ ಆಗಲ್ಲ. ಆ ಹುಡುಗ ಎಲ್ಲರನ್ನೂ ಬೈತಾನೆ, ನನ್ನ ಬಿಡ್ತಾನಾ? ಉತ್ತರ ಮೊದಲೇ ಕಟ್ಟಿಟ್ಟುಕೊಂಡು ಹೋಗಿ ಕೂತೆ. ಮುಖ್ಯಸ್ಥನದು ಬಂತು. ನಮ್ಮ ತಾತನದು ಬಂತು. ಈಗ ನಂದು, ಈಗ ನಂದು ಅಂತ ಬಟ್ಟೆ ಅಂಚು ಸರಿಮಾಡ್ಕೊಳ್ತಾ ಇದೀನಿ. ಮೇಕೆ ಬಂತು ಕಣೇ. ಮೇಕೆ. ಆಮೇಲೆ ಡೋಲು ನಿಲ್ಲಿಸಿ ಹೊರಟೇಹೋದ್ರು."

"ಅಯ್ಯೋ ತಾಸಿ."

"ನನ್ನ ಓರಗೆಯವರು ಬಾವಿ ಹತ್ರ ಏನಂದ್ರು ಗೊತ್ತಾ? ಮೇಕೆಗಿರೋ ಮರ್ಯಾದೆ ನಿನಗಿಲ್ವಲ್ಲೇ ಅಬ್ಲಾವಿ ಅಂತ. ನಮ್ಮ ಸರದಿ ಬರೋಕೆ ಮುಂಚೆ ಪೊಲೀಸಿನವರು ಬಂದು ಡೋಲು ಎತ್ಕೊಂಡು ಹೋದ್ರು. ಹಾಡು ಬಂದ್. ಆಮೇಲೆ ನನಗೆ ಮದುವೆ, ಮೀನು, ಹೊಗೆ. ಆ ಉತ್ತರ ಗಂಟಲಲ್ಲೇ ಉಳೀತು." ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು, "ಬೈದವರನ್ನ ಕ್ಷಮಿಸಬಹುದು. ಲೆಕ್ಕಕ್ಕೇ ಇಟ್ಟುಕೊಳ್ಳದವನನ್ನ ಹೇಗೆ ಕ್ಷಮಿಸೋದು?" ಎಂದಳು.

ಎಸಿನಾಮಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ಕೂತು ಕೋಳಿಗೂ ನಾಯಿಗೂ ಪ್ರಾಸ ಕಟ್ಟಿ ಬೈಯುತ್ತಿದ್ದ ಅತ್ತೆಯನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಅದರ ಹಿಂದೆ ಇಂಥದ್ದೊಂದು ಇರಬಹುದು ಎಂದು ಹೊಳೆದಿರಲಿಲ್ಲ.

ಮರುದಿನ ಮುಚ್ಚುಮರೆಯಿಲ್ಲದೆ ಬೇಲಿ ದಾಟಿದಳು. ತಾಸಿ ನೋಡಿಯೂ ನೋಡದವಳಂತೆ ಸೌದೆ ಒಡೆಯುತ್ತಿದ್ದಳು. ಅತ್ತೆ ಹೇಳಿದ್ದನ್ನು ಎಸಿನಾಮ್ ಮುದುಕನಿಗೆ ಕೇಳಿಸಿದಳು. ಅವನು ಕೊನೆಯವರೆಗೂ ಕೇಳಿದ. ಕೊನೆಯ ಮಾತನ್ನು ಎರಡನೆಯ ಸಲ ಹಾಕಿಸಿಕೊಂಡು ಕೇಳಿದ.

"ಲೆಕ್ಕಕ್ಕಿಲ್ಲ ಅಂತ ಅಂದುಕೊಂಡಿದಾಳಾ ಇಷ್ಟು ವರ್ಷ?"

"ಮತ್ತೇನು ಅಂದುಕೊಳ್ಳಬೇಕು ತೊಗ್ಬೆ?"

"ಹೆ... ಹೆದರಿಕೆ ಮಗಳೇ." ಆ ಪದದ ಮೊದಲ ಅಕ್ಷರದಲ್ಲೇ ಅವನ ನಾಲಗೆ ಕ್ಷಣ ತಡವರಿಸಿತು. "ನನಗೆ ಆಗ ಉಗ್ಗು. ಈಗ ಕಡಿಮೆ, ಆಗ ಒಂದು ಲೋಟ ನೀರು ಕೇಳೋಕೂ ಬೆವರು ಕಿತ್ತು ಬರೋದು. ಹಾಡುವಾಗ ಮಾತ್ರ ಉಗ್ಗಿಲ್ಲ. ಅದಕ್ಕೇ ಹಾಡು ಹಿಡ್ಕೊಂಡೆ. ನಿಮ್ಮ ತಾಸಿ ಬಾಯಿ ಎಂಥದ್ದು ಅಂತ ಎರಡೂ ಕೇರಿಗೂ ಗೊತ್ತಿತ್ತು. ಅವಳನ್ನ ಕೆಣಕಿದ್ರೆ ಅವಳು ನನ್ನ ಉಗ್ಗನ್ನೇ ಹಾಡು ಮಾಡ್ತಾಳೆ, ಮಕ್ಕಳು ಮರಿ ಎಲ್ಲಾ ಬೀದೀಲಿ ಅದನ್ನೇ ಹಾಡ್ತವೆ. ನಾನು ಮತ್ತೆ ಬಾಯಿ ಬಿಡೋ ಹಾಗೇ ಇರಲಿಲ್ಲ. ಊರು ಬಿಡಬೇಕಾಗ್ತಿತ್ತು. ಮುಖ್ಯಸ್ಥನ್ನ ಬೈಯೋಕೆ ಧೈರ್ಯ ಇತ್ತು. ಅವಳನ್ನ ಬೈಯೋಕೆ ಇರಲಿಲ್ಲ."

ಎಸಿನಾಮ್ ಅದನ್ನು ಹೊತ್ತುಕೊಂಡು ಈಚೆಗೆ ಬಂದಳು. ತಾಸಿ ಸೌದೆಯ ಮೇಲೆ ಕೂತು ಕೇಳಿದಳು. ಉಗ್ಗಿನ ಮಾತು ಬಂದಾಗ ಅವಳ ಮುಖದ ಬಿಗಿ ಸಡಿಲಿತು.

"ದಡ್ಡ" ಎಂದಳು ಮೆಲ್ಲಗೆ. "ಉಗ್ಗಿನ ಮೇಲೆ ನಾನು ಹಾಡು ಕಟ್ತಿದ್ನಾ? ನಾನು? ನಿಮ್ಮಪ್ಪನನ್ನ ಕಂಕುಳಲ್ಲಿ ಎತ್ತಿಕೊಂಡು ತಿರುಗಿದವಳು?"

"ಅಪ್ಪನಿಗೂ ಅದಕ್ಕೂ ಏನು ಸಂಬಂಧ?"

ತಾಸಿ ಅವಳನ್ನೇ ನೋಡಿದಳು. "ನಿನಗೆ ಹೇಳಲೇ ಇಲ್ವಾ ಅವನು? ದೋತ್ಸೆಗೂ ಉಗ್ಗು ಕಣೇ. ಚಿಕ್ಕವನಿದ್ದಾಗ ತನ್ನ ಹೆಸರೇ ಹೇಳೋಕೆ ಆಗ್ತಿರಲಿಲ್ಲ. ಅಣಕಿಸಿದ ಒಬ್ಬನ ತಲೆ ಮೇಲೆ ನಾನು ಮೀನಿನ ಬುಟ್ಟಿ ಮಗುಚಿದ್ದೆ. ದೊಡ್ಡವನಾದ ಮೇಲೆ ಒಂದು ಉಪಾಯ ಕಂಡುಕೊಂಡ. ಮಾತಿಗೆ ಮುಂಚೆ ಹುಂ ಅಂತ ಒಂದು ರಾಗ ಎಳೀತಿದ್ದ, ಆ ರಾಗದ ಹಿಂದೇನೇ ಮಾತು ಜಾರಿಸಿಬಿಡ್ತಿದ್ದ. ಎದುರಿಗಿದ್ದಾಗ ನಡೀತಿತ್ತು. ಫೋನಲ್ಲಿ ಆಗ್ತಿರಲಿಲ್ಲ. ಆಚೆ ಕಡೆಯವರು ಹಲೋ ಹಲೋ ಅಂದಷ್ಟೂ ಅವನಿಗೆ ಕಟ್ಟಿಕೊಳ್ಳೋದು. ನೀನು ಫೋನ್ ಮಾಡಿದಾಗ ನನ್ನ ಕೈಗೆ ಕೊಟ್ಟು, ಪಕ್ಕದಲ್ಲೇ ಕೂತು ಕೇಳೋನು. 'ಊಟ ಮಾಡಿದ್ಲಾ ಕೇಳು', 'ಕೆಮ್ಮು ಹೋಯ್ತಾ ಕೇಳು', ಅಂತ ನನ್ನ ಮೊಣಕೈ ತಿವೀತಿದ್ದ. ನಾನು ಕೇಳಿದ್ದರಲ್ಲಿ ಅರ್ಧ ಅವನ ಪ್ರಶ್ನೆಗಳೇ."

ಎಸಿನಾಮ್ ರೆಕಾರ್ಡರನ್ನು ನೆಲದ ಮೇಲಿಟ್ಟು ತಾಸಿಯ ಮಡಿಲಲ್ಲಿ ಮುಖ ಹುದುಗಿಸಿದಳು. ಮೀನಿನ ಹೊಗೆಯ ವಾಸನೆ ಹಿಡಿದ ಆ ಬಟ್ಟೆಯಲ್ಲಿ ಬಹಳ ಹೊತ್ತು ಅತ್ತಳು. ತಾಸಿ ಅವಳ ಬೆನ್ನು ಸವರುತ್ತಾ, "ಅಳು, ಅಳು. ಅವನಿಗೂ ನಿನ್ನ ಹತ್ರ ಮಾತಾಡೋ ಆಸೆ ಹೊಟ್ಟೆ ತುಂಬಾ ಇತ್ತು" ಎಂದಳು. ಮನಸ್ಸಿನ ಯಾವುದೋ ಒಂದು ಗಂಟು ಎಸಿನಾಮಳಿಗೆ ಅಲ್ಲೇ ಬಿಚ್ಚಿಹೋಯಿತು. ಅಪ್ಪ ಜಿಪುಣನಾಗಿರಲಿಲ್ಲ.

ಕಣ್ಣೊರೆಸಿಕೊಂಡು ಎದ್ದಾಗ ತಾಸಿ ಬೇಲಿಯ ಕಡೆ ಮುಖ ಮಾಡಿ ನಿಂತಿದ್ದಳು. ಈ ಸಲ ಅಲ್ಲಿ ಕೋಳಿ ಇರಲಿಲ್ಲ.

"ಆಗ್ಬೆಕೊ," ಎಂದು ಕರೆದಳು. ಅತ್ತ ಬಲೆ ಹೆಣೆಯುವ ಸದ್ದು ನಿಂತಿತು. "ನನ್ನ ಮೇಲೊಂದು ಹಾಡು ಕಟ್ಟು. ಭಾನುವಾರ ಚರ್ಚು ಬಿಟ್ಟ ಮೇಲೆ ಹಾಡು. ಚೆನ್ನಾಗಿ ಬೈಯಬೇಕು. ಮುದುಕಿ ಅಂತ ಕನಿಕರ ತೋರಿಸಿದ್ರೆ ನಿನ್ನ ಬೇಲಿ ಸುಟ್ಟುಹಾಕ್ತೀನಿ."

ಆಚೆ ಮುದುಕ ಎದ್ದು ಬೇಲಿಯ ಹತ್ತಿರ ಬಂದ. ಆಮೇಲೆ ನಿಧಾನವಾಗಿ ಬಂತು: "ಪೊಲೀಸಿನವರು?"

"ಅವತ್ತು ಡೋಲು ಎತ್ಕೊಂಡು ಹೋದ ಪೊಲೀಸರೆಲ್ಲ ಸತ್ತುಹೋದ್ರು. ಇವರಿಗೆ ಏನು ಗೊತ್ತು?"

ಭಾನುವಾರ ಓಣಿ ಪೂರ್ತಿ ಬೇಲಿಯ ಎರಡೂ ಕಡೆ ಸೇರಿತು. ಎನ್ಯೊ ಬುಟ್ಟಿ ರೊಟ್ಟಿ ಹೊತ್ತು ತಂದಿದ್ದಳು. ಕೊಮ್ಲಾ ಎಲ್ಲಿಂದಲೋ ಒಂದು ಡೋಲು ಹೊಂದಿಸಿದ್ದ. ತಾಸಿ ಪೆಟ್ಟಿಗೆಯ ತಳದಿಂದ ನೀಲಿ ಕೈಮಗ್ಗದ ಬಟ್ಟೆ ತೆಗೆದು ಸುತ್ತಿಕೊಂಡು ಮುಂದೆ ಬಂದು ಸ್ಟೂಲಿನ ಮೇಲೆ ಕೂತಳು. ಮುಖ ಗಂಭೀರ, ಬೈಸಿಕೊಳ್ಳುವವರು ನಗಬಾರದು, ಅದು ಪದ್ಧತಿ. ಆಗ್ಬೆಕೊ ಬಿಳಿ ಅಂಗಿ ಹಾಕಿಕೊಂಡು ಬಂದ. ಒಂದು ಸಲ ಕೆಮ್ಮಿ ಹಾಡಿದ:

"ಕಡಲು ಊರ ನುಂಗ್ತಾ ಬಂತು, ಅಬ್ಲಾವಿ ಮನೆ ಕಂಡಿತು,
ಒಂದು ಬೈಗುಳ ಕೇಳಿದ್ದೇ ತಡ, ಬಂದ ದಾರಿ ಹಿಡಿಯಿತು.
ಹಲ್ಲು ಎಲ್ಲಾ ಉದುರಿ ಹೋದ್ವು, ನಾಲಗೆಗೇನೂ ಆಗಲಿಲ್ಲ,
ಮೀನಿಗೆ ಹೊಗೆ ಯಾಕಮ್ಮ ತಾಯಿ, ನಿನ್ನ ಮಾತಿನ ಉರಿ ಸಾಲಲ್ವ?"

ಜನ ಹೋ ಎಂದು ಕೂಗಿದರು. ತಾಸಿ ಒಂದು ಹುಬ್ಬೂ ಅಲುಗಿಸಲಿಲ್ಲ. ಗದ್ದಲ ಇಳಿಯುವವರೆಗೆ ಕಾದು, ಮೊಣಕಾಲಿಗೆ ಕೈಯೂರಿ ಎದ್ದಳು. ಮೊದಲ ಸಾಲು ಎತ್ತಿದಾಗ ದನಿ ಒಡೆಯಿತು. ನಿಲ್ಲಿಸಿ, ಉಗುಳು ನುಂಗಿ, ಇನ್ನೂ ಮೇಲಿನ ಸ್ಥಾಯಿಯಲ್ಲಿ ಎತ್ತಿದಳು.

"ಆಗ್ಬೆಕೊ ಪಾದ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ,
ಒಂದು ಹೊರಟಿತು ಲೋಮೆ ಸಂತೆಗೆ, ಒಂದು ಅಕ್ರಾ ಪಟ್ಟಣಕ್ಕೆ.
ನಡುವೆ ನಿಂತ ಬಡಪಾಯಿ ಮೈ ಯಾವ ದಾರಿ ಹಿಡಿಯಬೇಕು?
ಹೆಣ್ಣು ಕೊಡೋರು ಕೇಳ್ತಾವ್ರೆ, ಚಪ್ಪರ ಯಾವೂರಲ್ಲಿ ಹಾಕಬೇಕು?"

ಎಲ್ಲರ ಕಣ್ಣೂ ಒಮ್ಮೆಲೇ ಮುದುಕನ ಪಾದಗಳ ಮೇಲೆ ಬಿತ್ತು. ಅವು ನಿಜಕ್ಕೂ ಒಂದಕ್ಕೊಂದು ಮುನಿಸಿಕೊಂಡ ಹಾಗೆ ಅತ್ತಿತ್ತ ತಿರುಗಿದ್ದವು. ಕೊಮ್ಲಾ ಡೋಲು ಬಿಟ್ಟು ನೆಲಕ್ಕೆ ಕುಸಿದು ಕೂತು ನಕ್ಕ. ಆಗ್ಬೆಕೊ ತನ್ನ ಪಾದಗಳನ್ನು ತಾನೇ ಬಗ್ಗಿ ನೋಡಿಕೊಂಡ. ಪದ್ಧತಿ ಮರೆತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ.

"ಇದು ಆಗಿನದೇನಾ?" ಎಂದು ಕೇಳಿದ.

"ಒಂದಕ್ಷರ ಬದಲಾಯಿಸಿಲ್ಲ."

"ಪಾದದ ಮೇಲಿತ್ತಾ. ಬರೀ ಪಾದ." ಅವನು ತಲೆಯಾಡಿಸಿದ. "ಗೊತ್ತಿದ್ದಿದ್ರೆ ಅವತ್ತೇ ಬೈತಿದ್ದೆ ಅಬ್ಲಾವಿ."

"ಬೈಬೇಕಿತ್ತು" ಎಂದಳು ತಾಸಿ. ಮೊದಲ ಸಲ ಅವನ ಮುಖ ನೋಡಿ ಅಂದಳು.

ಮರುದಿನದಿಂದ ತಾಸಿಯನ್ನು ಮಾತಾಡಿಸುವ ಕಷ್ಟ ಎಸಿನಾಮಳಿಗೆ ಉಳಿಯಲಿಲ್ಲ, ನಿಲ್ಲಿಸುವುದು ಕಷ್ಟವಾಯಿತು. ಹುಟ್ಟು, ತವರು, ಗಂಡ, ಅಫ್ಲಾವೊ ಗಡಿಯಲ್ಲಿ ಮೀನು ಮಾರಿದ್ದು, ಕಡಲಿಗೆ ಹೋದ ಮನೆಯ ಬಾಗಿಲನ್ನು ತಲೆಯ ಮೇಲೆ ಹೊತ್ತು ತಂದದ್ದು, ಎಲ್ಲಾ ಬಂತು. ಬೇಲಿಯಾಚೆಯಿಂದ ಆಗ್ಬೆಕೊ ನಡುನಡುವೆ ಬಾಯಿ ಹಾಕುತ್ತಿದ್ದ. "ಬಾಗಿಲಲ್ಲ, ಕಿಟಕಿ" ಎನ್ನುತ್ತಿದ್ದ. "ಹೊತ್ತವಳು ನಾನಾ ನೀನಾ?" ಎಂದು ಇವಳು. ಆ ರೆಕಾರ್ಡಿಂಗಿನಲ್ಲಿ ಯಾರ ಕತೆ ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಗುತ್ತದೆಂದು ಬೇರ್ಪಡಿಸಲು ಬರುವುದಿಲ್ಲ. ಎಸಿನಾಮ್ ಬೇರ್ಪಡಿಸಲೂ ಇಲ್ಲ.

ಹೊರಡುವ ದಿನ ಅವಳು ಒಲೆಯ ಬಳಿ ಬಗ್ಗಿ, ಹೋಗಿಬರುತ್ತೇನೆ ಎಂದಳು. ತಾಸಿ ಹೊಗೆಯಲ್ಲಿ ಕಣ್ಣು ಕಿರಿದಾಗಿಸಿ, ಬೆರಳಿನಿಂದ ಸೌದೆಯ ಮೇಲೆ ತಾಳ ಹಾಕುತ್ತಾ ಏನನ್ನೋ ಗುನುಗುತ್ತಿದ್ದಳು.

"ಏನದು ತಾಸಿ?"

"ಸುಮ್ನಿರು, ಪ್ರಾಸ ತಪ್ಪುತ್ತೆ. ಆ ಮುದುಕ ನನ್ನ ಮೊಣಕಾಲಿನ ಮೇಲೆ ಒಂದು ಕಟ್ಟಿದಾನಂತೆ." ಮೀನಿನ ಪೊಟ್ಟಣವೊಂದನ್ನು ಅವಳ ಕೈಗೆ ತುರುಕಿದಳು. "ಬಸ್ಸಲ್ಲಿ ಬಿಚ್ಚಬೇಡ, ಜನ ಬೈತಾರೆ. ಊಟ ಸರಿಯಾಗಿ ಮಾಡು. ಕೆಮ್ಮು ಬಂದ್ರೆ ಶುಂಠಿ ಕುಡಿ. ಹೋಗು, ಬಸ್ಸು ತಪ್ಪುತ್ತೆ."